೧೯೫೯ರ ಗಾನತಟ್ಟೆಗಳು

ಇಸವಿಗಳನ್ನು ಯುದ್ಧಗಳಿಂದಲೂ ಒಪ್ಪಂದಗಳಿಂದಲೂ ನೆನಪಿಡುವುದು ನಮ್ಮ ವಾಡಿಕೆ. ಪರೀಕ್ಷೆಯ ಹಿಂದಿನ ರಾತ್ರಿ ೧೭೯೯, ೧೮೫೭, ೧೯೪೭ ಎಂದು ಉರುಹೊಡೆಯುವ ವಿದ್ಯಾರ್ಥಿಗೆ, ಆ ವರ್ಷಗಳಲ್ಲಿ ಜನರು ಏನನ್ನು ಹಾಡುತ್ತಿದ್ದರು, ಏನನ್ನು ಕೇಳುತ್ತಿದ್ದರು ಎಂಬ ಯೋಚನೆ ಬರುವುದಿಲ್ಲ. ಬಂದರೂ ಅದಕ್ಕೆ ಅಂಕಗಳಿಲ್ಲ! ಆದರೆ ಒಂದು ಕಾಲದ ಜನರ ಮನಸ್ಸನ್ನು ತಿಳಿಯಲು ಅವರ ಹಾಡುಗಳು ಶಾಸನಗಳಿಗಿಂತ ಕಡಮೆಯ ಸಾಕ್ಷಿಯಲ್ಲ. ಆದುದರಿಂದ ಒಂದೇ ಒಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಹೊರಬಂದ ಕೆಲವು ಗಾನತಟ್ಟೆಗಳ ಮೂಲಕ ಅದನ್ನು ನೋಡುವ ಸಣ್ಣ ಪ್ರಯತ್ನವನ್ನು ಈ ಲೇಖನದಲ್ಲಿ ಮಾಡಿದ್ದೇನೆ. ನಾನು ಆರಿಸಿಕೊಂಡ ವರ್ಷ ೧೯೫೯.

ಈ ವರ್ಷವೇ ಏಕೆ ಎಂದು ಕೇಳಬಹುದು. ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಬರೆದವರು, ಅದರಲ್ಲಿಯೂ ಜಾಝ್ ಸಂಗೀತವನ್ನು ಕುರಿತು ಬರೆದವರು, ಮತ್ತೆ ಮತ್ತೆ ಈ ವರ್ಷದ ಕಡೆಗೆ ಬೆರಳು ತೋರಿಸುತ್ತಾರೆ. ಅವರು ಹೇಳಿದ ತಟ್ಟೆಗಳನ್ನು ನಾನು ಒಂದೊಂದಾಗಿ ಕೇಳಿದೆನು. ಕೇಳುತ್ತ ಹೋದಂತೆ ನನಗೆ ತೋರಿದ ಸಂಗತಿ ಇದು: ಆ ವರ್ಷದ ದೊಡ್ಡ ಕಲಾವಿದರು ತಮ್ಮ ತಮ್ಮ ಸಂಗೀತದಲ್ಲಿ ರೂಢಿಯಾಗಿದ್ದ ಯಾವುದಾದರೊಂದು ಕಟ್ಟಳೆಯನ್ನು ಕೈಬಿಟ್ಟರು, ಬಿಟ್ಟ ಸ್ಥಳದಲ್ಲಿ ಬೇರೊಂದು ಕಟ್ಟಳೆಯನ್ನು ತಾವಾಗಿಯೇ ವಿಧಿಸಿಕೊಂಡರು. ಆದರೆ ಅವರು ಬಾಳಿದ ಸಮಾಜವು ತನ್ನ ಕಟ್ಟಳೆಗಳನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಈ ಎರಡು ಮಾತುಗಳನ್ನು ವಿವರಿಸುವುದೇ ನನ್ನ ಉದ್ದೇಶ.

ಮೊದಲು ತಟ್ಟೆಯ ವಿಚಾರ. ನಿಮಿಷಕ್ಕೆ ೭೮ ಸಲ ಸುತ್ತುತ್ತಿದ್ದ ಅರಗಿನ ತಟ್ಟೆಗಳ ಕಾಲದಲ್ಲಿ ಒಂದು ಬದಿಗೆ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರು ಕೂಡ ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಆ ಮೂರು ನಿಮಿಷಗಳ ಡಬ್ಬಿಯೊಳಗೆ ಮಡಿಸಿ ಇಡಬೇಕಾಗಿತ್ತು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ೩೩⅓ ಸಲ ಸುತ್ತುವ, ಕೂದಲಿನಷ್ಟು ಸಣ್ಣ ಗೆರೆಗಳುಳ್ಳ ದೀರ್ಘ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಬದಿಗೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ಅವಕಾಶ ದೊರೆಯಿತು. ೧೯೫೮ರಲ್ಲಿ ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದವು. ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ಬೇರೆ ಬೇರೆ ಧ್ವನಿಗಳನ್ನು ಕೆತ್ತಿ, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಮುಟ್ಟಿಸುವ ಉಪಾಯವದು. ಹೀಗೆ ೧೯೫೯ರ ಕಲಾವಿದರ ಕೈಯಲ್ಲಿ ಹಿಂದಿನವರಿಗೆ ಇಲ್ಲದಿದ್ದ ಎರಡು ಅನುಕೂಲಗಳಿದ್ದವು: ಒಂದು ಕಾಲದ ಅವಕಾಶ, ಮತ್ತೊಂದು ಸ್ಥಳದ ಭಾವನೆ.

ಕಾಲದ ಅವಕಾಶವನ್ನು ಅತ್ಯಂತ ಸೊಗಸಾಗಿ ಬಳಸಿಕೊಂಡವರು ಟ್ರಂಪೆಟ್ ವಾದಕರಾದ ಮೈಲ್ಸ್ ಡೇವಿಸ್. ಅವರ ‘ಕೈಂಡ್ ಆಫ್ ಬ್ಲೂ’ ಎಂಬ ತಟ್ಟೆ ೧೯೫೯ರ ಆಗಸ್ಟ್ ೧೭ರಂದು ಹೊರಬಂದಿತು. ನ್ಯೂಯಾರ್ಕಿನ ೩೦ನೆಯ ಬೀದಿಯಲ್ಲಿ, ಹಿಂದೆ ಇಗರ್ಜಿಯಾಗಿದ್ದ ಒಂದು ಕಟ್ಟಡದಲ್ಲಿ, ಮಾರ್ಚ್ ೨ ಮತ್ತು ಏಪ್ರಿಲ್ ೨೨ ಎಂಬ ಎರಡೇ ದಿನಗಳಲ್ಲಿ ಅದರ ಧ್ವನಿಮುದ್ರಣ ಮುಗಿಯಿತು. ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋದಲ್ಲಿ ಬಿಲ್ ಇವಾನ್ಸ್, ಒಂದು ರಚನೆಗೆ ಮಾತ್ರ ವಿಂಟನ್ ಕೆಲ್ಲಿ, ಬಾಸ್ ವಾದ್ಯದಲ್ಲಿ ಪಾಲ್ ಚೇಂಬರ್ಸ್, ಡ್ರಮ್ಮಿನಲ್ಲಿ ಜಿಮ್ಮಿ ಕಾಬ್ ಇದ್ದರು.

ಅವರು ಬಿಟ್ಟ ಕಟ್ಟಳೆ ಯಾವುದು? ಜಾಝ್ ಸಂಗೀತದಲ್ಲಿ ಪಿಯಾನೋದವರು ಹಲವು ಸ್ವರಗಳನ್ನು ಒಟ್ಟಿಗೆ ಗೊಂಚಲಾಗಿ ನುಡಿಸುತ್ತಾರೆ. ಈ ಗೊಂಚಲು ಎರಡು ನಾಲ್ಕು ಎಣಿಕೆಗಳಿಗೊಮ್ಮೆ ಬದಲಾಗುತ್ತದೆ. ಮನೋಧರ್ಮದಿಂದ ನುಡಿಸುವವನು ಪ್ರತಿಯೊಂದು ಬದಲಾವಣೆಗೂ ಹೊಂದುವ ಸ್ವರಗಳನ್ನೇ ಆರಿಸಬೇಕು. ೧೯೫೦ರ ದಶಕದ ಹೊತ್ತಿಗೆ ಈ ಬದಲಾವಣೆಗಳು ಎಷ್ಟು ಬೇಗ ಬೇಗ ಬರತೊಡಗಿದವೆಂದರೆ, ವಾದಕನು ಸಂಗೀತಗಾರನಿಗಿಂತ ಓಟಗಾರನಂತೆ ಕಾಣುತ್ತಿದ್ದನು. ಡೇವಿಸ್ ಅವರು ಆ ಓಟವನ್ನು ನಿಲ್ಲಿಸಿ, ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಂತರು. ಮೊದಲನೆಯ ರಚನೆಯಾದ ‘ಸೋ ವಾಟ್’ ಎಂಬುದರಲ್ಲಿ ೩೨ ಆವರ್ತಗಳ ಪೈಕಿ ೧೬ರವರೆಗೆ ಒಂದೇ ಶ್ರೇಣಿ. ಮುಂದಿನ ೮ರಲ್ಲಿ ಅದೇ ಶ್ರೇಣಿಯನ್ನು ಅರ್ಧ ಸ್ವರದಷ್ಟು ಏರಿದ ಷಡ್ಜದಿಂದ ನುಡಿಸುವುದು. ಉಳಿದ ೮ರಲ್ಲಿ ಮತ್ತೆ ಮೊದಲಿನ ಮನೆಗೆ ಮರಳುವುದು. ಅಷ್ಟೇ! ಪಾಶ್ಚಾತ್ಯರು ಡೋರಿಯನ್ ಎಂದು ಕರೆಯುವ ಆ ಸ್ವರಶ್ರೇಣಿ ನಮ್ಮ ೨೨ನೆಯ ಮೇಳವಾದ ಖರಹರಪ್ರಿಯದ ಸ್ವರಗಳೇ ಆಗಿವೆ. ಹಿಂದೂಸ್ಥಾನಿಯವರಿಗೆ ಅದು ಕಾಫಿ ಥಾಟ್.

ಹಾಗೆಂದು ಡೇವಿಸ್ ಅವರು ಖರಹರಪ್ರಿಯವನ್ನು ನುಡಿಸಿದರೆಂದು ಹೇಳುವುದು ಸರಿಯಲ್ಲ. ಅಲ್ಲಿ ಗಮಕವಿಲ್ಲ, ತಂಬೂರಿಯ ಶ್ರುತಿಯಿಲ್ಲ, ರಾಗದ ಸಂಚಾರನಿಯಮವೂ ಇಲ್ಲ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲವೆಂದು ಸಂಗೀತದ ಪಾಠ ಹೇಳಿಸಿಕೊಂಡ ಯಾರಾದರೂ ಬಲ್ಲರು. ಆದರೆ ಸ್ವರಗಳು ಕಡಮೆಯಾದಷ್ಟೂ ಹುಡುಕಾಟ ಆಳವಾಗುತ್ತದೆ ಎಂಬ ನಂಬಿಕೆ ಮಾತ್ರ ಎರಡು ಕಡೆಗೂ ಸಾಮಾನ್ಯ. ಕಛೇರಿಯಲ್ಲಿ ಆಲಾಪನೆಯನ್ನು ಕೇಳಿ ಬೆಳೆದ ಕಿವಿಗೆ ಈ ತಟ್ಟೆ ಅಪರಿಚಿತವೆನಿಸದಿರಲು ಇದೇ ಕಾರಣವಿರಬೇಕು. ಒಂದು ವಿನೋದದ ಸಂಗತಿಯೂ ಉಂಟು. ಮಾರ್ಚ್ ತಿಂಗಳ ಮುದ್ರಣದ ದಿನ ಯಂತ್ರದ ವೇಗ ಸ್ವಲ್ಪ ತಪ್ಪಿದ್ದುದರಿಂದ ಮೊದಲ ಬದಿಯ ಮೂರು ರಚನೆಗಳು ನಿಜವಾದ ಶ್ರುತಿಗಿಂತ ತುಸು ಮೇಲೆ ಕೇಳುತ್ತಿದ್ದವು. ಲಕ್ಷಾಂತರ ಜನರು ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ಹಾಗೆಯೇ ಕೇಳಿದರು. ೧೯೯೦ರ ದಶಕದ ಮರುಮುದ್ರಣಗಳಲ್ಲಿ ಅದನ್ನು ಸರಿಪಡಿಸಲಾಯಿತು. ೨೦೧೯ರ ಹೊತ್ತಿಗೆ ಅಮೆರಿಕವೊಂದರಲ್ಲಿಯೇ ಈ ತಟ್ಟೆಗೆ ೫೦ ಲಕ್ಷ ಪ್ರತಿಗಳ ಪ್ರಮಾಣಪತ್ರ ದೊರೆತಿತ್ತು.

ಸ್ವರದ ಕಟ್ಟಳೆಯನ್ನು ಡೇವಿಸ್ ಬದಲಾಯಿಸಿದರೆ, ತಾಳದ ಕಟ್ಟಳೆಯನ್ನು ಬದಲಾಯಿಸಿದವರು ಪಿಯಾನೋ ವಾದಕ ಡೇವ್ ಬ್ರೂಬೆಕ್. ಆಗಿನ ಜಾಝ್ ಬಹುಮಟ್ಟಿಗೆ ನಾಲ್ಕರ ಎಣಿಕೆಯಲ್ಲಿಯೇ ನಡೆಯುತ್ತಿದ್ದಿತು. ೧೯೫೮ರಲ್ಲಿ ಬ್ರೂಬೆಕ್ ಅವರ ತಂಡ ಅಮೆರಿಕ ಸರಕಾರದ ಪರವಾಗಿ ಪೋಲೆಂಡ್, ತುರ್ಕಿ, ಭಾರತ, ಸಿಲೋನ್ ಮೊದಲಾದ ದೇಶಗಳನ್ನು ಸುತ್ತಿತು. ಇಸ್ತಾಂಬುಲಿನ ಬೀದಿಯಲ್ಲಿ ಸ್ಥಳೀಯ ವಾದಕರು ಒಂಬತ್ತರ ಎಣಿಕೆಯನ್ನು ಲೀಲಾಜಾಲವಾಗಿ ನುಡಿಸುತ್ತಿದ್ದುದನ್ನು ಅವರು ಕೇಳಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದರ ನಡೆ ‘ತಕ ತಕ ತಕ ತಕಿಟ’. ಅದರಿಂದ ಹುಟ್ಟಿದುದು ‘ಬ್ಲೂ ರೊಂಡೊ ಆ ಲಾ ಟರ್ಕ್’. ಮೂರು ಸಲ ಹಾಗೆ ನಡೆದು ನಾಲ್ಕನೆಯ ಸಲ ‘ತಕಿಟ ತಕಿಟ ತಕಿಟ’ ಎಂದು ಅದು ಮುಗಿಯುವುದನ್ನು ಕೈಯಲ್ಲಿ ಎಣಿಸುತ್ತ ಕೇಳಿದರೆ ಆನಂದವಾಗುತ್ತದೆ. ಭಾರತದಲ್ಲಿಯೂ ಅವರು ನಮ್ಮ ಲಯವಾದ್ಯಗಾರರ ಕೈಚಳಕವನ್ನು ಕಂಡು ಬೆರಗಾದರು. ಮದರಾಸಿನಲ್ಲಿ ಮೃದಂಗ ವಿದ್ವಾಂಸರಾದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಪರಿಚಯ ಅವರಿಗಾಯಿತು.

೧೯೫೯ರ ಡಿಸೆಂಬರಿನಲ್ಲಿ ಬಂದ ‘ಟೈಮ್ ಔಟ್’ ಎಂಬ ಆ ತಟ್ಟೆಯಲ್ಲಿ ಎಲ್ಲರಿಗೂ ಪ್ರಿಯವಾದುದು ‘ಟೇಕ್ ಫೈವ್’. ಇದು ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರ ರಚನೆ. ಇದರ ಎಣಿಕೆ ಐದು. ನಮ್ಮ ಖಂಡಛಾಪು ‘ತಕ ತಕಿಟ’ ಎಂದು ನಡೆದರೆ, ಇದು ತಿರುವುಮುರುವಾಗಿ ‘ತಕಿಟ ತಕ’ ಎಂದು ನಡೆಯುತ್ತದೆ. ಐದಕ್ಷರದ ತಾಳ ನಮಗೆ ಹೊಸದೇ ಎಂದು ನಮ್ಮ ಮೃದಂಗದವರು ನಗಬಹುದು. ಆದರೆ ನಾಲ್ಕರಲ್ಲಿ ಕುಣಿದು ಅಭ್ಯಾಸವಾದ ಜನರಿಗೆ ಐದನ್ನು ಗುನುಗುನಿಸುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಪರಿಚಿತ ಹಾಡು ಒಂದೂ ಇಲ್ಲ, ಕುಣಿಯಲು ಬಾರದ ಲಯ, ಮೇಲೆ ರಕ್ಷಾಪತ್ರಕ್ಕೆ ಅರ್ಥವಾಗದ ಒಂದು ಚಿತ್ರ ಎಂದು ಕಂಪನಿಯ ಅಧಿಕಾರಿಗಳು ಹಿಂದೆಗೆದರಂತೆ. ಆದರೂ ೧೯೬೧ರಲ್ಲಿ ಅದು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ೧೯೭೭ರಲ್ಲಿ ತೀರಿಕೊಂಡ ಡೆಸ್ಮಂಡ್ ಅವರು ‘ಟೇಕ್ ಫೈವ್’ನಿಂದ ಬರುವ ಗೌರವಧನವನ್ನು ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಗೆ ಬರೆದಿಟ್ಟರೆಂಬುದು ಇಲ್ಲಿ ನೆನೆಯತಕ್ಕ ಮಾತು.

ಇವರಿಬ್ಬರಿಗಿಂತಲೂ ಮುಂದೆ ಹೋದವರು ಆರ್ನೆಟ್ ಕೋಲ್ಮನ್. ೧೯೫೯ರ ಮೇ ೨೨ರಂದು ಅವರು ಮುದ್ರಿಸಿದ ತಟ್ಟೆಯ ಹೆಸರು ‘ದಿ ಶೇಪ್ ಆಫ್ ಜಾಝ್ ಟು ಕಮ್’, ಎಂದರೆ ಬರಲಿರುವ ಜಾಝಿನ ರೂಪ. ಅವರ ತಂಡದಲ್ಲಿ ಪಿಯಾನೋವೇ ಇಲ್ಲ. ಆದುದರಿಂದ ಸ್ವರದ ಗೊಂಚಲುಗಳ ಆಜ್ಞೆಯೂ ಇಲ್ಲ. ಅವರ ಕೈಯಲ್ಲಿದ್ದುದು ಪ್ಲಾಸ್ಟಿಕ್ಕಿನ ಬಿಳಿಯ ಸ್ಯಾಕ್ಸೊಫೋನ್. ಆ ನವೆಂಬರಿನಲ್ಲಿ ಅವರು ನ್ಯೂಯಾರ್ಕಿನ ‘ಫೈವ್ ಸ್ಪಾಟ್’ ಎಂಬಲ್ಲಿ ನುಡಿಸಿದಾಗ ಕೇಳಿದವರು ಎರಡು ಪಕ್ಷಗಳಾದರು. ಮಹಾಪ್ರತಿಭೆಯೆಂದು ಕೆಲವರು, ಅಪಸ್ವರವೆಂದು ಕೆಲವರು. ‘ಲೋನ್ಲಿ ವುಮನ್’ ಎಂಬ ರಚನೆಯನ್ನು ಮೊದಲ ಸಲ ಕೇಳಿದಾಗ ನಾನೂ ಎರಡನೆಯ ಪಕ್ಷದವರಿಗೆ ಸಮೀಪವಾಗಿದ್ದೆನು. ಮೂರನೆಯ ಸಲ ಕೇಳುವಾಗ ಅದರ ಕ್ರಮ ತಿಳಿಯಿತು: ಕೆಳಗೆ ಡ್ರಮ್ ಓಡುತ್ತಿದೆ, ಮೇಲೆ ರಾಗ ಅಳುವವರ ದನಿಯಂತೆ ನಿಧಾನವಾಗಿ ತೇಲುತ್ತಿದೆ, ಒಂದು ಇನ್ನೊಂದನ್ನು ಅವಸರಪಡಿಸುವುದಿಲ್ಲ. ಗೊಂಚಲನ್ನು ಬಿಟ್ಟವರು ರಾಗದ ಎಳೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದರು. ಈ ಕೋಲ್ಮನ್ ಅವರಿಗೇ ೨೦೦೭ರಲ್ಲಿ ಸಂಗೀತದ ಪುಲಿಟ್ಜರ್ ಬಹುಮಾನ ಬಂದಿತು.

ಜಾಝ್ ಒಂದೇ ಅಲ್ಲ, ಇತರ ಸಂಗೀತಪ್ರಕಾರಗಳಲ್ಲಿಯೂ ಇದೇ ರೀತಿಯ ಬದಲಾವಣೆ ಕಾಣುತ್ತದೆ. ಬ್ರೆಜಿಲ್ ದೇಶದ ಜೊವಾವ್ ಜಿಲ್ಬೆರ್ತೊ ಅವರು ಬಿಟ್ಟುದು ಗಟ್ಟಿದನಿಯನ್ನು. ಅಲ್ಲಿನ ಸಾಂಬಾ ಸಂಗೀತ ಬೀದಿಯ ಉತ್ಸವದ್ದು, ಹತ್ತಾರು ತಾಳವಾದ್ಯಗಳ ಅಬ್ಬರದ್ದು. ಜಿಲ್ಬೆರ್ತೊ ಅವರು ಆ ತಾಳಗಳ ಹೊಡೆತವನ್ನು ಒಂದು ಗಿಟಾರಿನ ಐದು ಬೆರಳುಗಳಿಗೆ ಇಳಿಸಿ, ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವಷ್ಟು ಮೆಲ್ಲಗೆ ಹಾಡಿದರು. ೧೯೫೯ರಲ್ಲಿ ಬಂದ ಅವರ ‘ಶೇಗಾ ಡಿ ಸೌದಾಜಿ’ ಎಂಬ ತಟ್ಟೆಯಲ್ಲಿ ೧೨ ಹಾಡುಗಳಿವೆ. ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಹೆಸರಿನ ಹಾಡಿಗೆ ರಾಗ ಹಾಕಿದವರು ಆಂಟೋನಿಯೊ ಕಾರ್ಲೊಸ್ ಜೊಬಿಂ. ಬೊಸಾ ನೋವಾ ಎಂಬ ಹೊಸ ಶೈಲಿ ಈ ತಟ್ಟೆಯಿಂದಲೇ ಹರಡಿತೆನ್ನಬಹುದು. ಮೈಕ್ರೊಫೋನ್ ಇಲ್ಲದಿದ್ದರೆ ಇಂಥ ಹಾಡುಗಾರಿಕೆಗೆ ಎಡೆಯೇ ಇರಲಿಲ್ಲ. ಯಂತ್ರವೆಂದರೆ ಗದ್ದಲವೆಂದು ತಿಳಿದಿರುವ ನಮಗೆ, ಯಂತ್ರವು ಪಿಸುಮಾತಿಗೂ ನೆರವಾಗಬಲ್ಲದೆಂಬುದನ್ನು ಈ ತಟ್ಟೆ ತೋರಿಸಿಕೊಡುತ್ತದೆ.

ಅಮೆರಿಕದ ರೇ ಚಾರ್ಲ್ಸ್ ಅವರು ಕಳಚಿದುದು ಇಗರ್ಜಿಗೂ ನೃತ್ಯಶಾಲೆಗೂ ನಡುವೆ ಇದ್ದ ಗೋಡೆಯನ್ನು. ಏಳನೆಯ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಇವರು ಪ್ರಾರ್ಥನಾಸಭೆಗಳ ಹಾಡಿಕೆಯ ರೀತಿಯನ್ನು ಲೌಕಿಕ ಗೀತೆಗಳಿಗೆ ತಂದರು. ಒಬ್ಬರು ಹಾಡಲು ಉಳಿದವರು ಮಾರುಹಾಡುವ ಆ ಕ್ರಮ ನಮ್ಮ ಭಜನೆಯವರಿಗೆ ಚೆನ್ನಾಗಿ ಗೊತ್ತು. ೧೯೫೮ರ ಡಿಸೆಂಬರಿನಲ್ಲಿ ಒಂದು ನೃತ್ಯಕೂಟದ ಕೊನೆಗೆ ಹಾಡುಗಳೆಲ್ಲ ಮುಗಿದು ಹೊತ್ತು ಉಳಿದಾಗ, ಅವರು ತೋಚಿದಂತೆ ನುಡಿಸಿ ಹಾಡಿದುದೇ ‘ವಾಟ್ಡ್ ಐ ಸೇ’. ೧೯೫೯ರ ಫೆಬ್ರವರಿಯಲ್ಲಿ ಮುದ್ರಿತವಾದ ಅದನ್ನು ಚಿಕ್ಕ ತಟ್ಟೆಯ ಎರಡೂ ಬದಿಗಳಿಗೆ ಹಂಚಬೇಕಾಯಿತು. ಪವಿತ್ರವಾದುದನ್ನು ಬೀದಿಗೆ ಎಳೆದರೆಂದು ಆಕ್ಷೇಪಿಸಿದವರು ಇದ್ದರು; ಕೆಲವು ರೇಡಿಯೋ ನಿಲಯಗಳು ಅದನ್ನು ಪ್ರಸಾರ ಮಾಡಲಿಲ್ಲ. ಅದೇ ವರ್ಷ ಬಂದ ಅವರ ‘ದಿ ಜೀನಿಯಸ್ ಆಫ್ ರೇ ಚಾರ್ಲ್ಸ್’ ಎಂಬ ದೀರ್ಘ ತಟ್ಟೆಯ ಒಂದು ಬದಿಯಲ್ಲಿ ದೊಡ್ಡ ವಾದ್ಯತಂಡದ ಗರ್ಜನೆ, ಇನ್ನೊಂದು ಬದಿಯಲ್ಲಿ ಪಿಟೀಲುಗಳ ಮೃದುತ್ವ. ಎರಡಕ್ಕೂ ಒಂದೇ ಕಂಠ.

ಕೌಬಾಯ್ ಗೀತೆಗಳನ್ನು ಹಾಡಿದ ಮಾರ್ಟಿ ರಾಬಿನ್ಸ್ ಅವರ ‘ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್’ ಕೂಡ ಇದೇ ವರ್ಷದ್ದು. ಏಪ್ರಿಲ್ ೭ರ ಒಂದೇ ದಿನದಲ್ಲಿ ಮುದ್ರಿತವಾದುದು. ಇವು ನಮ್ಮ ಲಾವಣಿಗಳಂತೆ ಕಥೆ ಹೇಳುವ ಹಾಡುಗಳು. ಅದರಲ್ಲಿರುವ ‘ಎಲ್ ಪಾಸೊ’ ನಾಲ್ಕೂವರೆ ನಿಮಿಷಗಳನ್ನು ಮೀರುತ್ತದೆ. ರೇಡಿಯೋಗೆ ಹಾಡು ಮೂರು ನಿಮಿಷ ದಾಟಬಾರದೆಂಬುದು ಆಗಿನ ಅಲಿಖಿತ ನಿಯಮ. ಕಥೆ ಮುಗಿಯದೆ ಹಾಡು ಮುಗಿಯದೆಂಬ ಲಾವಣಿಕಾರರ ನಿಯಮವೇ ಗೆದ್ದಿತು. ೧೯೬೦ರ ಆರಂಭದಲ್ಲಿ ಆ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲನೆಯದಾಯಿತು.

ಇನ್ನು ಶಾಸ್ತ್ರೀಯ ಸಂಗೀತ. ಜರ್ಮನಿಯ ವಾಗ್ನರ್ ರಚಿಸಿದ ‘ದಾಸ್ ರೈನ್‌ಗೋಲ್ಟ್’ ಎಂಬ ಗೀತನಾಟಕವನ್ನು ಜಾರ್ಜ್ ಸೋಲ್ಟಿಯವರ ನೇತೃತ್ವದಲ್ಲಿ ವಿಯೆನ್ನಾದ ವಾದ್ಯವೃಂದ ೧೯೫೮ರ ಕೊನೆಯಲ್ಲಿ ಮುದ್ರಿಸಿತು. ಡೆಕ್ಕಾ ಕಂಪನಿ ೧೯೫೯ರಲ್ಲಿ ಅದನ್ನು ಹೊರತಂದಿತು. ಈ ನಾಟಕದ ಆರಂಭದಲ್ಲಿ ೧೩೬ ಆವರ್ತಗಳವರೆಗೆ ಒಂದೇ ಸ್ವರದ ಗೊಂಚಲು ನದಿಯಂತೆ ಉಬ್ಬುತ್ತ ಬರುತ್ತದೆ. ತಂಬೂರಿಯ ನಾದದಲ್ಲಿ ಬೆಳೆದವರಿಗೆ ಅದು ಕೂಡಲೇ ಹಿಡಿಸುತ್ತದೆ. ಮುದ್ರಣದ ಹೊಣೆ ಹೊತ್ತ ಜಾನ್ ಕಲ್ಷಾ ಅವರು ಸ್ಟೀರಿಯೋವನ್ನೇ ಒಂದು ರಂಗಸ್ಥಳವೆಂದು ಭಾವಿಸಿದರು. ವಾಗ್ನರ್ ಕೇಳಿದ್ದ ೧೮ ಕಮ್ಮಾರರ ಅಡಿಗಲ್ಲುಗಳನ್ನು ನಿಜವಾಗಿಯೇ ತರಿಸಿ ಬಡಿಸಿದರು. ಗಾಯಕರನ್ನು ಎಡಕ್ಕೂ ಬಲಕ್ಕೂ ನಡೆಸಿದರು. ನಾಟಕಶಾಲೆಯ ನೆನಪನ್ನು ಕೊಡುವುದಷ್ಟೇ ತಟ್ಟೆಯ ಕೆಲಸವೆಂಬ ಹಳೆಯ ಅಭಿಪ್ರಾಯ ಅಲ್ಲಿಗೆ ಕೊನೆಗೊಂಡಿತು. ಕಣ್ಣು ಮುಚ್ಚಿ ಕೇಳುವವನ ಮನಸ್ಸೇ ನಾಟಕಶಾಲೆಯಾಯಿತು.

ಇಷ್ಟನ್ನು ಮಾತ್ರ ಹೇಳಿ ಲೇಖನವನ್ನು ಮುಗಿಸಿದ್ದರೆ ೧೯೫೯ ಸುಖದ ವರ್ಷವೆಂದು ವಾಚಕರು ತಿಳಿಯುತ್ತಿದ್ದರು. ಆದರೆ ‘ಕೈಂಡ್ ಆಫ್ ಬ್ಲೂ’ ಹೊರಬಂದ ಎಂಟೇ ದಿನಗಳಿಗೆ, ಆಗಸ್ಟ್ ೨೫ರ ರಾತ್ರಿ, ಮೈಲ್ಸ್ ಡೇವಿಸ್ ಅವರು ನ್ಯೂಯಾರ್ಕಿನ ‘ಬರ್ಡ್‌ಲ್ಯಾಂಡ್’ ಸಂಗೀತಶಾಲೆಯ ಹೊರಗೆ ವಿರಾಮದ ಹೊತ್ತಿನಲ್ಲಿ ನಿಂತಿದ್ದರು. ಬಾಗಿಲ ಮೇಲೆ ಅವರದೇ ಹೆಸರು ದೊಡ್ಡ ಅಕ್ಷರಗಳಲ್ಲಿ ಬೆಳಗುತ್ತಿತ್ತು. ಒಬ್ಬ ಬಿಳಿಯ ಮಹಿಳೆಯನ್ನು ಟ್ಯಾಕ್ಸಿಗೆ ಹತ್ತಿಸಿ ಆಗಷ್ಟೇ ಬಂದಿದ್ದರು. ಅಲ್ಲಿಂದ ಸರಿದು ಹೋಗುವಂತೆ ಪೋಲೀಸನೊಬ್ಬನು ಆಜ್ಞಾಪಿಸಿದನು. ಇಲ್ಲಿಯೇ ಕೆಲಸ ಮಾಡುತ್ತಿದ್ದೇನೆಂದು ಅವರು ತಿಳಿಸಿದರು. ಮಾತು ಬೆಳೆದು, ಅವರ ತಲೆಯಿಂದ ರಕ್ತ ಸುರಿಯುವಂತೆ ಹೊಡೆತ ಬಿದ್ದಿತು, ಬಂಧನವೂ ಆಯಿತು. ನ್ಯಾಯಾಲಯ ಅವರನ್ನು ಅನಂತರ ನಿರ್ದೋಷಿಯೆಂದು ಬಿಡುಗಡೆ ಮಾಡಿತೆಂಬುದು ನಿಜ. ಆದರೆ ತಟ್ಟೆಗೆ ದೊರೆತ ಸ್ವಾಗತ ಅದನ್ನು ನುಡಿಸಿದವರಿಗೆ ದೊರೆಯಲಿಲ್ಲ. ಅವರ ಅಪರಾಧ ಚರ್ಮದ ಬಣ್ಣ.

ಅದೇ ಸೆಪ್ಟೆಂಬರಿನಲ್ಲಿ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆ ಉಮ್’ ಎಂಬ ತಟ್ಟೆ ಬಂದಿತು. ಅದರಲ್ಲಿ ‘ಫೇಬಲ್ಸ್ ಆಫ್ ಫಾಬಸ್’ ಎಂಬ ರಚನೆಯಿದೆ. ೧೯೫೭ರಲ್ಲಿ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಊರಿನ ಪ್ರೌಢಶಾಲೆಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಪ್ರವೇಶ ಮಾಡದಂತೆ ಸೈನ್ಯವನ್ನು ನಿಲ್ಲಿಸಿದ ಗವರ್ನರ್ ಆರ್ವಲ್ ಫಾಬಸ್ ಅವರ ವಿಡಂಬನೆ ಅದು. ಮಿಂಗಸ್ ಅದಕ್ಕೆ ಮಾತುಗಳನ್ನೂ ಬರೆದಿದ್ದರು, ಕಂಪನಿ ಒಪ್ಪಲಿಲ್ಲ. ಮಾತಿಲ್ಲದೆ ವಾದ್ಯಗಳು ಮಾತ್ರ ನುಡಿದವು. ಆದರೂ ಆ ವಾದ್ಯಗಳು ಕುಂಟುತ್ತ, ಕೆಣಕುತ್ತ, ಅಣಕಿಸುತ್ತ ಸಾಗುವುದನ್ನು ಕೇಳಿದವರಿಗೆ ಅರ್ಥವಾಗದೆ ಇರದು. ಮಾತುಗಳೊಡನೆ ಅದು ೧೯೬೦ರಲ್ಲಿ ಬೇರೊಂದು ಸಣ್ಣ ಕಂಪನಿಯ ಮೂಲಕ ಮುದ್ರಿತವಾಯಿತು.

ಕಪ್ಪು ಜನಾಂಗದ ಗಾಯಕ ಹ್ಯಾರಿ ಬೆಲಾಫೊಂಟೆ ಅವರು ಏಪ್ರಿಲ್ ೧೯ ಮತ್ತು ೨೦ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಶಾಲೆಗಳ ಸಹಾಯಾರ್ಥ ಹಾಡಿದರು. ಎರಡು ತಟ್ಟೆಗಳ ಆ ಸಂಪುಟದಲ್ಲಿ ವೆಸ್ಟ್ ಇಂಡೀಸಿನ ದುಡಿಮೆಯ ಹಾಡು, ಯೆಹೂದ್ಯರ ಹಾಡು, ಐರಿಷ್ ಹಾಡು, ಮೆಕ್ಸಿಕೋದ ಹಾಡು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಜನರನ್ನು ಪಂಕ್ತಿಭೇದ ಮಾಡುತ್ತಿದ್ದ ದೇಶದಲ್ಲಿ ಹಾಡುಗಳ ಸಹಪಂಕ್ತಿ!

ಕೊನೆಯದಾಗಿ, ವಿದ್ಯಾರ್ಥಿಗಳಾದ ನಾವು ಗಮನಿಸಲೇಬೇಕಾದ ಒಂದು ಸಂಗತಿ. ಬ್ರೂಬೆಕ್ ಅವರ ತಂಡದಲ್ಲಿ ಮೂವರು ಬಿಳಿಯರು. ಬಾಸ್ ವಾದಕ ಯೂಜೀನ್ ರೈಟ್ ಒಬ್ಬರು ಕಪ್ಪು ಜನಾಂಗದವರು. ೧೯೬೦ರ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಾಲೇಜುಗಳಲ್ಲಿ ೨೫ ಕಛೇರಿಗಳು ಗೊತ್ತಾಗಿದ್ದವು. ರೈಟ್ ಅವರ ಬದಲಿಗೆ ಬಿಳಿಯ ವಾದಕರೊಬ್ಬರನ್ನು ಕರೆತರಬೇಕೆಂದು ಕಾಲೇಜುಗಳು ಕೇಳಿದವು. ಬ್ರೂಬೆಕ್ ಒಪ್ಪಲಿಲ್ಲ. ೨೦ಕ್ಕೂ ಹೆಚ್ಚು ಕಛೇರಿಗಳು ರದ್ದಾದವು; ದೊಡ್ಡ ಮೊತ್ತದ ಸಂಪಾದನೆ ಕೈತಪ್ಪಿತು. ತಡೆದವರು ಅಕ್ಷರವರಿಯದವರಲ್ಲ, ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದ್ದ ಪದವೀಧರರು. ಐದರ ತಾಳವನ್ನು ಕಲಿಯಲು ಸಿದ್ಧರಿದ್ದ ಅವರ ವಿದ್ಯಾರ್ಥಿಗಳಿಗೆ ಐದರ ಜೀವನಾಡಿಯಾಗಿ ನಿಂತು ನುಡಿಸುವವರನ್ನು ಕಾಣುವ ಭಾಗ್ಯ ಇಲ್ಲವಾಯಿತು.

ಇದನ್ನೋದಿ ಆ ದೇಶವನ್ನು ಹಳಿಯುವುದು ಸುಲಭ. ಆದರೆ ಜಾತ್ರೆಯಲ್ಲಿ ದೇವರ ಮುಂದೆ ಹಲಗೆ ಬಾರಿಸುವವರನ್ನು ಗುಡಿಯ ಹೊಸ್ತಿಲಿನಾಚೆಯೇ ನಿಲ್ಲಿಸಿದ ಊರುಗಳು ನಮ್ಮಲ್ಲಿಲ್ಲವೇ? ವಾದ್ಯ ಬೇಕು, ವಾದಕರು ಬೇಡ ಎಂಬ ನ್ಯಾಯ ಯಾವುದೊಂದು ದೇಶದ ಸೊತ್ತೂ ಅಲ್ಲ. ಸಂಗೀತದಿಂದ ಮನಸ್ಸು ತಾನಾಗಿಯೇ ಉದಾರವಾಗುತ್ತದೆಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ೧೯೫೯ರ ಚರಿತ್ರೆ ಅದಕ್ಕೆ ಪೂರ್ತಿಯಾಗಿ ಸಾಕ್ಷಿ ಹೇಳುವುದಿಲ್ಲ. ಕಿವಿ ಒಪ್ಪಿದುದನ್ನು ನಡತೆಯೂ ಒಪ್ಪುವಂತೆ ಮಾಡುವ ಕೆಲಸ ಕೇಳುವವರಿಗೇ ಬಿಟ್ಟದ್ದು.

ಮೇಲೆ ಹೆಸರಿಸಿದ ತಟ್ಟೆಗಳನ್ನು ಕೇಳಲು ಈಗ ಗ್ರಾಮಫೋನ್ ಬೇಕಾಗಿಲ್ಲ. ಕೈಯಲ್ಲಿರುವ ಫೋನಿನಲ್ಲಿಯೇ ಅವು ದೊರೆಯುತ್ತವೆ. ಆದರೆ ಒಂದು ವಿಜ್ಞಾಪನೆ. ಒಂದು ಬದಿಯನ್ನು, ಎಂದರೆ ಇಪ್ಪತ್ತು ನಿಮಿಷಗಳನ್ನು, ನಡುವೆ ನಿಲ್ಲಿಸದೆ, ಬೇರೆ ಕೆಲಸ ಮಾಡದೆ ಕೇಳಿರಿ. ಮೊದಲು ‘ಟೇಕ್ ಫೈವ್’ ಕೇಳಿರಿ. ಕೈಯಲ್ಲಿ ತಾಳ ಹಾಕಿರಿ. ಅನಂತರ ‘ಸೋ ವಾಟ್’. ಕೋಲ್ಮನ್ ಅವರನ್ನು ಕೊನೆಗೆ ಇಟ್ಟುಕೊಳ್ಳಿರಿ, ಮೂರು ಸಲ ಕೇಳಿರಿ. ಟೇಕ್ ಫೈವ್ ಕೇಳುವಾಗ ಪಿಯಾನೋದ ಕೆಳಗೆ, ಸ್ಯಾಕ್ಸೊಫೋನಿನ ಕೆಳಗೆ, ಮೊದಲಿನಿಂದ ಕೊನೆಯವರೆಗೆ ತಪ್ಪದೆ ಐದನ್ನು ಎಣಿಸುತ್ತಿರುವ ಬಾಸಿನ ಕಡೆಗೂ ಸ್ವಲ್ಪ ಕಿವಿಗೊಡಿರಿ. ಅದನ್ನು ನುಡಿಸುತ್ತಿರುವವರು ಯೂಜೀನ್ ರೈಟ್.